ನೀಹಾರಿಕೆ ಕಾಣ್ತಿಲ್ವಾ? ಸ್ಕ್ರೂಗೆ ಕೈ ಹಾಕುವ ಮೊದಲು ಇದನ್ನು ಓದಿ

ನೀಹಾರಿಕೆ ಅಂದರೆ ನಕ್ಷತ್ರಗಳ ನಡುವಿನ ಅನಿಲ, ದೂಳಿನ ಮೋಡ. ಟೆಲಿಸ್ಕೋಪ್ ತಂದ ಹೊಸದರಲ್ಲಿ ಉಂಗುರ ನೀಹಾರಿಕೆಗಾಗಿ ಮೂರು ರಾತ್ರಿ ಹುಡುಕಿದ್ದೆ. 18ನೇ ಶತಮಾನದ ಫ್ರೆಂಚ್ ಖಗೋಳಜ್ಞ ಮೆಸ್ಸಿಯೆಯ ಪಟ್ಟಿಯಲ್ಲಿ ಅದರ ಹೆಸರು ಎಂ57. ಅಭಿಜಿತ್ ನಕ್ಷತ್ರದ ಹತ್ತಿರವಿರುವ ಬೀಟಾ ಲೈರೇ, ಗ್ಯಾಮಾ ಲೈರೇ ಎಂಬ ಎರಡು ನಕ್ಷತ್ರಗಳ ನಡುವೆ ಇದೆ ಅಂತ ನಕ್ಷೆ ಹೇಳುತ್ತಿತ್ತು. ನನಗೆ ಅಲ್ಲಿ ಕಂಡದ್ದು ಬರೀ ನಕ್ಷತ್ರಗಳು. ಮೂರನೇ ರಾತ್ರಿ ಸಿಟ್ಟಿನಲ್ಲಿ ಕನ್ನಡಿಯ ಹಿಂದಿನ ಸ್ಕ್ರೂಗಳನ್ನೆಲ್ಲ ತಿರುಗಿಸಿದೆ. ಚೆನ್ನಾಗಿದ್ದ ಟೆಲಿಸ್ಕೋಪನ್ನೂ ಕೆಡಿಸಿಕೊಂಡೆ.

ಅಸಲಿಗೆ ಮೂರು ರಾತ್ರಿಯೂ ಅದು ಕಣ್ಣೆದುರೇ ಇತ್ತು. ನನ್ನದು 114 ಮಿ.ಮೀ. ಅಗಲದ ಕನ್ನಡಿ, 900 ಮಿ.ಮೀ. ನಾಭಿದೂರ. ಅದಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಪುಟ್ಟ ಲೆನ್ಸ್) ಹಾಕಿದರೆ 36 ಪಟ್ಟು ವರ್ಧನೆ. ಅಷ್ಟರಲ್ಲಿ ಎಂ57 ಫೋಕಸ್ ತಪ್ಪಿದ ನಕ್ಷತ್ರದ ಹಾಗೆ ಕಾಣುತ್ತದೆ, ಅಷ್ಟೇ. ಸುತ್ತಲಿನ ನಕ್ಷತ್ರಗಳೆಲ್ಲ ಸೂಜಿಮೊನೆಯಷ್ಟಾದರೂ ಅದೊಂದು ಮಾತ್ರ ಮಸುಕಾಗಿಯೇ ಉಳಿಯುತ್ತಿತ್ತು. ನಾನು ಅದನ್ನು ಸರಿಮಾಡಲು ಫೋಕಸ್ ಗುಂಡಿ ತಿರುಗಿಸುತ್ತಲೇ ಕೂತಿದ್ದೆ! ಸ್ಕ್ರೂಗಳನ್ನೆಲ್ಲ ಮತ್ತೆ ಸರಿಮಾಡಿಕೊಂಡ ಮೇಲೆ ಒಂದು ರಾತ್ರಿ 9 ಮಿ.ಮೀ. ಐಪೀಸ್ ಹಾಕಿ 100 ಪಟ್ಟಿಗೆ ಏರಿಸಿದೆ. ನಡುವೆ ಕಪ್ಪಾಗಿರುವ ಒಂದು ಪುಟ್ಟ ಹೊಗೆಯುಂಗುರ ಎದ್ದು ಬಂತು.

ಆಮೇಲೆ ಬೇರೆಯವರ ಟೆಲಿಸ್ಕೋಪ್‌ಗಳ ದೂರುಗಳನ್ನೂ ಕೇಳುತ್ತಾ ಬಂದಿದ್ದೇನೆ. ಬಹುಪಾಲು ಇದೇ ಜಾತಿಯವು. ನೀಹಾರಿಕೆ, ನಕ್ಷತ್ರಗುಚ್ಛಗಳ ವಿಷಯದಲ್ಲಿ ದೋಷಗಳು ಮೂರೇ ಬಗೆ. ಗುರಿ ತಪ್ಪಿರುತ್ತದೆ, ಬೆಳಕು ಸಾಲದಿರುತ್ತದೆ, ಇಲ್ಲವೇ ಚಿತ್ರ ಚೂಪಾಗಿರುವುದಿಲ್ಲ. ನೀಹಾರಿಕೆ ಪೂರ್ತಿ ಮಾಯವಾಗಿದ್ದರೆ ಕಾರಣ ಮೊದಲ ಎರಡರಲ್ಲಿ ಒಂದು. ಕನ್ನಡಿ ಸ್ವಲ್ಪ ವಾಲಿದ್ದರೆ ಮಹಾವ್ಯಾಧದ ನೀಹಾರಿಕೆಯಂಥ ದೊಡ್ಡ ಹೊಗೆಮೋಡ ಕಾಣೆಯಾಗುವುದಿಲ್ಲ. ಹೊಗೆ ಎಷ್ಟು ಕಲಸಿದರೂ ಹೊಗೆಯೇ ಅಲ್ವಾ? ಚೂಪು ಕೆಟ್ಟರೆ ಏಟು ಬೀಳುವುದು ಗುಚ್ಛಗಳಿಗೆ ಮತ್ತು ಎಂ57ರಂಥ ಪುಟ್ಟ ನೀಹಾರಿಕೆಗಳಿಗೆ. ಇಷ್ಟು ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ಮೊದಲು ಒಂದು ನಕ್ಷತ್ರ ನೋಡಿ

ನೀಹಾರಿಕೆಯನ್ನು ನೋಡಿ ಟೆಲಿಸ್ಕೋಪ್ ಸರಿಯಿದೆಯೋ ಇಲ್ಲವೋ ಹೇಳಲಾಗದು. ನಕ್ಷತ್ರ ನೋಡಿ ಹೇಳಬಹುದು. ತೀರಾ ಪ್ರಖರವಲ್ಲದ, ಧ್ರುವ ನಕ್ಷತ್ರದಷ್ಟು ಬೆಳಕಿನ ಒಂದನ್ನು ಆರಿಸಿ. ಅತಿ ಕಡಿಮೆ ವರ್ಧನೆಯ ಐಪೀಸ್ ಹಾಕಿ, ಅಂದರೆ ಮೇಲೆ ಬರೆದ ಮಿ.ಮೀ. ಅಂಕಿ ಎಲ್ಲಕ್ಕಿಂತ ದೊಡ್ಡದಿರುವುದು. ವರ್ಧನೆಯನ್ನು ಇನ್ನಷ್ಟು ಏರಿಸುವ ಬಾರ್ಲೋ ಲೆನ್ಸ್ ಇದ್ದರೆ ತೆಗೆದು ಪೆಟ್ಟಿಗೆಯಲ್ಲಿಡಿ. ಹೊಸಬರ ಪೆಟ್ಟಿಗೆಯಲ್ಲಿ ಬರುವ 3 ಪಟ್ಟಿನ ಬಾರ್ಲೋ, 4 ಮಿ.ಮೀ. ಐಪೀಸ್ ಜೋಡಿಯಷ್ಟು ನಿರಾಸೆ ತರುವ ವಸ್ತು ಇನ್ನೊಂದಿಲ್ಲ.

ಏನೂ ಕಾಣದೆ ಪೂರ್ತಿ ಕತ್ತಲೆಯೇ? ಮುಚ್ಚಳ ನೋಡಿ. ನಗಬೇಡಿ. ಎಷ್ಟೋ ಟೆಲಿಸ್ಕೋಪ್‌ಗಳ ದೊಡ್ಡ ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಮುಚ್ಚಳ ಇರುತ್ತದೆ. ಚಂದ್ರ ತೀರಾ ಕಣ್ಣು ಕುಕ್ಕಿದಾಗ ಬೆಳಕು ಕಡಿಮೆ ಮಾಡಲು ಅದು. ಕೆಲವರು ಅದನ್ನು ಮಾತ್ರ ತೆಗೆದು ತಿಂಗಳುಗಟ್ಟಲೆ ನೋಡುತ್ತಾರೆ. ಚಂದ್ರ, ಗುರು, ಶನಿ ಎಲ್ಲ ಕಾಣುತ್ತವೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ನೀಹಾರಿಕೆ ಮಾತ್ರ ಕಾಣುವುದಿಲ್ಲ. 200 ಮಿ.ಮೀ. ಕನ್ನಡಿಗೆ 50 ಮಿ.ಮೀ. ತೂತಿನಿಂದ ಬೆಳಕು ಬಿಟ್ಟರೆ ಒಳಗೆ ಬರುವುದು 16ರಲ್ಲಿ ಒಂದು ಪಾಲು.

ದೊಡ್ಡ ಮಸುಕು ತಟ್ಟೆ, ನಡುವೆ ಕಪ್ಪು ಚುಕ್ಕೆ ಕಂಡರೆ ಅದು ನೀಹಾರಿಕೆ ಅಲ್ಲ, ಫೋಕಸ್ ತಪ್ಪಿದ ನಕ್ಷತ್ರ. ಗುಂಡಿಯನ್ನು ತಟ್ಟೆ ಕುಗ್ಗುವ ಕಡೆಗೆ ತಿರುಗಿಸುತ್ತಾ ಹೋಗಿ. ಕೊನೆಯವರೆಗೆ ಹೋದರೂ ಚುಕ್ಕೆಯಾಗದಿದ್ದರೆ, ನಿಮ್ಮದು ಲೆನ್ಸಿನ ಟೆಲಿಸ್ಕೋಪ್ ಆಗಿದ್ದರೆ, ಹಿಂದೆ ಹಾಕುವ ಡಯಾಗನಲ್ (ಬೆಳಕನ್ನು ಬದಿಗೆ ತಿರುಗಿಸುವ ಪುಟ್ಟ ಕನ್ನಡಿ) ಬಿಟ್ಟುಹೋಗಿರಬಹುದು. ಅದಿಲ್ಲದೆ ಐಪೀಸ್ ಬೇಕಾದಷ್ಟು ಹಿಂದಕ್ಕೆ ಬರುವುದಿಲ್ಲ.

ನಕ್ಷತ್ರ ಸೂಜಿಮೊನೆಯಂತೆ ಕಂಡರೆ ಇಲ್ಲಿಗೆ ನಿಲ್ಲಿಸಿ. ಟೆಲಿಸ್ಕೋಪ್ ಚೆನ್ನಾಗಿದೆ. ಸ್ಕ್ರೂ ಡ್ರೈವರ್ ಒಳಗಿಡಿ.

ಹಾಗೆ ಕಾಣದಿದ್ದರೆ ಆಕಾರ ನೋಡಿ. ನೋಟದ ನಡುವೆಯೇ ಇದ್ದರೂ ನಕ್ಷತ್ರಕ್ಕೆ ಒಂದೇ ಕಡೆ ಧೂಮಕೇತುವಿನ ಬಾಲ ಎಳೆದ ಹಾಗಿದ್ದರೆ ಕಾಲಿಮೇಷನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ತಪ್ಪಿದೆ. ಅಂಚಿಗೆ ಹೋದಾಗ ಮಾತ್ರ ಬಾಲ ಬಂದರೆ ಚಿಂತೆ ಬೇಡ, ಎಫ್/5ರಂಥ (ನಾಭಿದೂರ ಅಗಲದ ಐದು ಪಟ್ಟು ಮಾತ್ರ ಇರುವ) ಕುಳ್ಳ ಕನ್ನಡಿಗಳ ಹುಟ್ಟುಗುಣ ಅದು. ನಕ್ಷತ್ರ ಒಂದು ಗೀಟಿನಂತಾಗಿ, ಫೋಕಸನ್ನು ಆಚೆ ಈಚೆ ಮಾಡಿದಾಗ ಆ ಗೀಟು ಅಡ್ಡದಿಂದ ಉದ್ದಕ್ಕೆ ತಿರುಗಿದರೆ ಅಸ್ಟಿಗ್ಮ್ಯಾಟಿಸಂ, ಅಂದರೆ ಬೆಳಕು ಒಂದೇ ಬಿಂದುವಿಗೆ ಕೂಡದ ದೋಷ. ಯಾರದ್ದು ಅಂತ ಕಂಡುಹಿಡಿಯುವುದು ಸುಲಭ. ಕಣ್ಣು ಆಚೆ ಈಚೆ ಮಾಡದೆ ಐಪೀಸನ್ನು ಮಾತ್ರ ತಿರುಗಿಸಿ. ಗೀಟೂ ಜೊತೆಗೆ ತಿರುಗಿದರೆ ತಪ್ಪು ಐಪೀಸಿನದು. ತಲೆ ವಾಲಿಸಿದಾಗ ತಿರುಗಿದರೆ ತಪ್ಪು ನಿಮ್ಮ ಕಣ್ಣಿನದು, ಕನ್ನಡಕ ಹಾಕಿಕೊಂಡು ನೋಡಿ. ಎರಡಕ್ಕೂ ಜಗ್ಗದಿದ್ದರೆ ಕನ್ನಡಿಯನ್ನೇ ಅನುಮಾನಿಸಬೇಕು. ನಕ್ಷತ್ರ ಮೂರು ಮೂಲೆಯಾಗಿ ಕಂಡರೆ ಕನ್ನಡಿಯನ್ನು ಹಿಡಿದಿರುವ ಮೂರು ಕ್ಲಿಪ್‌ಗಳು ಬಿಗಿಯಾಗಿವೆ. ಕ್ಲಿಪ್ಪಿನ ಕೆಳಗೆ ಒಂದು ಹಾಳೆ ಜಾರುವಷ್ಟು ಸಡಿಲ ಮಾಡಿದರೆ ಸಾಕು.

ನಕ್ಷತ್ರ ಕುದಿಯುವ ನೀರಿನ ತಳದಲ್ಲಿರುವ ಹಾಗೆ ಅಲುಗುತ್ತಿದ್ದರೆ ದೋಷ ಗಾಳಿಯದ್ದು. ಒಳಗಿನಿಂದ ಬೆಚ್ಚಗೆ ತಂದ ಟೆಲಿಸ್ಕೋಪ್ ಹೊರಗೆ ತಣಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಕನ್ನಡಿ ದಪ್ಪಗಿದ್ದರೆ ಇನ್ನೂ ಜಾಸ್ತಿ. ತಣಿದ ಮೇಲೂ ಕುದಿಯುತ್ತಿದ್ದರೆ ಮೇಲಿನ ಗಾಳಿಯೇ ಸರಿಯಿಲ್ಲ. ಅಂಥ ರಾತ್ರಿ ದೊಡ್ಡ ನೀಹಾರಿಕೆಗಳನ್ನು ಕಡಿಮೆ ವರ್ಧನೆಯಲ್ಲಿ ನೋಡಿ. ಅವಕ್ಕೆ ಈ ಅಲುಗಾಟ ಅಷ್ಟಾಗಿ ತಟ್ಟುವುದಿಲ್ಲ.

ಕನ್ನಡಿಯ ಮೇಲಿನ ದೂಳನ್ನು ಬಿಟ್ಟುಬಿಡಿ. ಟಾರ್ಚ್ ಹಾಕಿದಾಗ ಭಯಂಕರವಾಗಿ ಕಾಣುವ ದೂಳು ನೋಟಕ್ಕೆ ಮಾಡುವ ಕೇಡು ಅತ್ಯಲ್ಪ. ಬಟ್ಟೆಯಿಂದ ಒರೆಸಿದರೆ ಬೀಳುವ ಗೀರು ಮಾತ್ರ ಶಾಶ್ವತ.

“ಜಾಗಕ್ಕೇ ಹೋಗ್ತಿದ್ದೀನಿ, ಅಲ್ಲಿ ಏನೂ ಇಲ್ಲ”

ನಿಜವಾಗಿ ಆ ಜಾಗಕ್ಕೆ ಹೋಗಿದ್ದೀರಾ? ಮೊದಲ ಅನುಮಾನ ಫೈಂಡರ್ ಮೇಲೆ, ಅಂದರೆ ಕೊಳವೆಯ ಮೇಲೆ ಕೂರುವ, ಗುರಿ ಹಿಡಿಯುವ ಪುಟ್ಟ ದುರ್ಬೀನಿನ ಮೇಲೆ. ಫೈಂಡರಿನ ಗೆರೆಗಳ ನಡುವೆ ನಿಂತ ನಕ್ಷತ್ರ ಐಪೀಸಿನ ನಡುವೆಯೂ ನಿಲ್ಲಬೇಕು. ಇದನ್ನು ಹಗಲಲ್ಲೇ, ದೂರದ ಗೋಪುರದ ತುದಿಯೋ ಕಂಬದ ತುದಿಯೋ ನೋಡಿ ಹೊಂದಿಸಿಕೊಳ್ಳುವುದು ಸುಲಭ, ಯಾಕೆಂದರೆ ಗೋಪುರ ಓಡಿಹೋಗುವುದಿಲ್ಲ. ಸೂರ್ಯನ ಆಸುಪಾಸಿಗೆ ಮಾತ್ರ ಕೊಳವೆ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಕತ್ತಲಾದ ಮೇಲೆ ಒಂದು ನಕ್ಷತ್ರದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ. ಹೊತ್ತು ಸಾಗಿಸುವಾಗ ಫೈಂಡರಿಗೆ ಕೈ ತಗುಲಿಯೇ ತಗುಲುತ್ತದೆ.

ಎರಡನೆಯದು ತಲೆಕೆಳಗಿನ ಗೊಂದಲ. ನೇರ ಕೊಳವೆಯ ಸಾಮಾನ್ಯ ಫೈಂಡರಿನಲ್ಲಿ ಆಕಾಶ ತಲೆಕೆಳಗು. ನಕ್ಷೆಯನ್ನೂ ತಲೆಕೆಳಗು ಹಿಡಿದರೆ ಹೊಂದುತ್ತದೆ. ಡಯಾಗನಲ್ ಹಾಕಿದ ಲೆನ್ಸ್ ಟೆಲಿಸ್ಕೋಪಿನಲ್ಲಿ ಎಡ ಬಲ ಅದಲುಬದಲು, ಕನ್ನಡಿಯಲ್ಲಿ ಕಂಡ ಹಾಗೆ. ಈ ನೋಟಕ್ಕೆ ಕಾಗದದ ನಕ್ಷೆಯನ್ನು ಹೇಗೆ ತಿರುಗಿಸಿದರೂ ಹೊಂದುವುದಿಲ್ಲ! ಮೊಬೈಲಿನ ನಕ್ಷೆ ಆದರೆ ಕನ್ನಡಿ ಬಿಂಬ ಮಾಡುವ ಗುಂಡಿ ಒತ್ತಿ. ಇದು ಗೊತ್ತಿಲ್ಲದೆ ಸರಿಯಾದ ನಕ್ಷತ್ರದಿಂದ ಹೊರಟು ತಪ್ಪು ದಿಕ್ಕಿಗೆ ನಡೆದವರು ತುಂಬಾ ಜನ.

ಮೂರನೆಯದು ಕಿಟಕಿಯ ಅಳತೆ. ಐಪೀಸಿನ ತೋರಿಕೆಯ ಕೋನವನ್ನು (ಕಣ್ಣಿಟ್ಟಾಗ ಕಾಣುವ ವೃತ್ತದ ಅಗಲ, ಡಿಗ್ರಿಯಲ್ಲಿ) ವರ್ಧನೆಯಿಂದ ಭಾಗಿಸಿ. 50 ಡಿಗ್ರಿಯ ಐಪೀಸ್, 36 ಪಟ್ಟು ಅಂದರೆ ಸುಮಾರು 1.4 ಡಿಗ್ರಿ ಆಕಾಶ. 100 ಪಟ್ಟಾದರೆ ಬರೀ ಅರ್ಧ ಡಿಗ್ರಿ, ಹುಣ್ಣಿಮೆ ಚಂದ್ರನಷ್ಟು ಅಗಲ. ಅರ್ಧ ಡಿಗ್ರಿಯ ಕಿಂಡಿಯಿಂದ ಆಕಾಶ ಹುಡುಕುವುದೆಂದರೆ ಕೀಲಿಕಿಂಡಿಯಲ್ಲಿ ಕಣ್ಣಿಟ್ಟು ಇಡೀ ಮನೆ ಹುಡುಕಿದ ಹಾಗೆ. ಐಪೀಸಿನ ಕೋನ ಗೊತ್ತಿಲ್ಲದಿದ್ದರೆ ಗಡಿಯಾರ ಸಾಕು. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮಿಂಟಾಕ ಖಗೋಳ ಸಮಭಾಜಕದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ) ಮೇಲೆಯೇ ಇದೆ ಅನ್ನಬಹುದು. ನಕ್ಷತ್ರವನ್ನು ಹಿಂಬಾಲಿಸುವ ಮೋಟಾರ್ ಇದ್ದರೆ ನಿಲ್ಲಿಸಿ, ಮಿಂಟಾಕ ಐಪೀಸಿನ ಒಂದು ಅಂಚಿನಿಂದ ನಡುವೆ ಹಾದು ಇನ್ನೊಂದು ಅಂಚಿಗೆ ಹೋಗಲು ಎಷ್ಟು ನಿಮಿಷ ಹಿಡಿಯಿತು ನೋಡಿ. ನಾಲ್ಕು ನಿಮಿಷ ಅಂದರೆ ಒಂದು ಡಿಗ್ರಿ.

ಈ ಲೆಕ್ಕ ಇನ್ನೊಂದು ದೂರಿಗೂ ಉತ್ತರ. “ಕೃತ್ತಿಕೆ ಬರಿಗಣ್ಣಿಗೇ ಚೆನ್ನಾಗಿತ್ತು, ಟೆಲಿಸ್ಕೋಪಿನಲ್ಲಿ ನಾಲ್ಕಾರು ಚೆಲ್ಲಾಪಿಲ್ಲಿ ನಕ್ಷತ್ರ ಅಷ್ಟೇ.” ಕೃತ್ತಿಕೆಯ ಹರಹು ಸುಮಾರು ಎರಡು ಡಿಗ್ರಿ. 1.4 ಡಿಗ್ರಿಯ ಕಿಟಕಿಯಲ್ಲಿ ಗುಂಪು ಹಿಡಿಸುವುದೇ ಇಲ್ಲ. ಸುತ್ತ ಖಾಲಿ ಆಕಾಶ ಕಂಡರೆ ಮಾತ್ರ ಗುಂಪು ಗುಂಪಾಗಿ ಕಾಣುತ್ತದೆ. ಪುಷ್ಯ ನಕ್ಷತ್ರದ ಜೇನುಗೂಡು, ಅಂದರೆ ಎಂ44, ಅದಕ್ಕೂ ಇದೇ ಪಾಡು. ಇವೆರಡನ್ನೂ ಬೈನಾಕ್ಯುಲರಿನಲ್ಲಿ ನೋಡಿ. ಅದೂ ಇಲ್ಲವೇ, ಫೈಂಡರಿನಲ್ಲೇ ನೋಡಿ, ಆಶ್ಚರ್ಯಪಡುತ್ತೀರಿ.

“ಜಾಗ ಸರಿಯಾಗಿದೆ, ಆದರೂ ಕಾಣ್ತಿಲ್ಲ”

ಈಗ ಬೆಳಕಿನ ಸರದಿ. ಇಲ್ಲಿ ಒಂದು ಮಾತು ಅರಗಿಸಿಕೊಳ್ಳಲು ನನಗೆ ವರ್ಷ ಹಿಡಿಯಿತು. ಹರಡಿಕೊಂಡ ವಸ್ತುವನ್ನು ಟೆಲಿಸ್ಕೋಪ್ ದೊಡ್ಡದು ಮಾಡುತ್ತದೆ, ಆದರೆ ಅದರ ಮೈಬೆಳಕನ್ನು ಬರಿಗಣ್ಣಿನ ನೋಟಕ್ಕಿಂತ ಹೆಚ್ಚಿಸುವುದಿಲ್ಲ. ಎಷ್ಟೇ ದೊಡ್ಡ ಕನ್ನಡಿ ಇರಲಿ. ನಕ್ಷತ್ರ ಬಿಂದುವಾದ್ದರಿಂದ ಕನ್ನಡಿ ದೊಡ್ಡದಾದಷ್ಟೂ ಬೆಳಗುತ್ತದೆ. ನೀಹಾರಿಕೆಗೆ ಆ ಭಾಗ್ಯವಿಲ್ಲ. ಅದು ಹಿಂದಿನ ಆಕಾಶಕ್ಕಿಂತ ತುಸು ಬೆಳ್ಳಗಿದ್ದರೆ ಮಾತ್ರ ಕಾಣುತ್ತದೆ. ಆಕಾಶವೇ ಬೆಳ್ಳಗಿದ್ದರೆ ಮುಳುಗಿತು.

ಹಾಗಾಗಿ ಮೊದಲು ಚಂದ್ರನನ್ನು ಕೇಳಿ. ಕೃಷ್ಣಪಕ್ಷದ ಅಷ್ಟಮಿ ಕಳೆದ ಮೇಲೆ ಸಂಜೆಯ ಆಕಾಶ ನಿಮ್ಮದು, ಅಮಾವಾಸ್ಯೆ ದಾಟಿ ಮೂರ್ನಾಲ್ಕು ದಿನದವರೆಗೂ. ಹುಣ್ಣಿಮೆಯ ಆಸುಪಾಸಿನಲ್ಲಿ ಎಂ1 ಏಡಿ ನೀಹಾರಿಕೆ ಹುಡುಕಲು ಹೊರಟರೆ ಸುಮ್ನೆ ನಿದ್ದೆ ಹಾಳು. ಎರಡನೇ ಪ್ರಶ್ನೆ, ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆಯೇ? ಇಲ್ಲವಾದರೆ ಅದು ತೆರೆದ ಗುಚ್ಛಗಳ, ಅಂದರೆ ನಕ್ಷತ್ರಗಳು ಬಿಡಿಬಿಡಿಯಾಗಿ ಹರಡಿರುವ ಗುಂಪುಗಳ ರಾತ್ರಿ. ಪರ್ಸಿಯಸ್‌ನ ಜೋಡಿಗುಚ್ಛ, ವೃಶ್ಚಿಕದ ಬಾಲದ ಹತ್ತಿರದ ಎಂ7, ಇವು ದೀಪದ ಬೆಳಕನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ಮೂರನೆಯದು ಎತ್ತರ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದ ವಸ್ತುವನ್ನು ನೋಡುವಾಗ ನೆತ್ತಿಯ ಮೇಲಿದ್ದಾಗಿನ ಎರಡರಷ್ಟು ಗಾಳಿಯ ಮೂಲಕ ನೋಡುತ್ತೀರಿ. ಧನು ರಾಶಿಯ ಲಗೂನ್ ನೀಹಾರಿಕೆ ಆಗಷ್ಟೇ ಹುಟ್ಟಿ ಮೇಲೆ ಬರುತ್ತಿದ್ದರೆ ಇನ್ನೆರಡು ಗಂಟೆ ಕಾಯಿರಿ.

ಆಮೇಲೆ ಕಣ್ಣು. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ನಕ್ಷೆಗೆ ಮೊಬೈಲೇ ಗತಿ ಅನ್ನುವುದಾದರೆ ಪರದೆಗೆ ಕೆಂಪು ಹಾಳೆ ಅಂಟಿಸಿ, ಬೆಳಕು ಪೂರ್ತಿ ಇಳಿಸಿ, ನೋಡದ ಕಣ್ಣಿನಿಂದ ಓದಿ. ಹತ್ತಿರ ಬೀದಿದೀಪ ಇದ್ದರೆ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಳ್ಳಿ. ನೋಡುವವರಿಗೆ ತಮಾಷೆ ಅನ್ನಿಸಬಹುದು, ಆದರೆ ಇದರಷ್ಟು ಕೆಲಸ ಮಾಡುವ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಇನ್ನು ಓರೆನೋಟ. ಕಣ್ಣಿನ ನಟ್ಟನಡುವೆ ಕತ್ತಲಲ್ಲಿ ಕೆಲಸ ಮಾಡುವ ಕೋಶಗಳೇ ಇಲ್ಲ. ಅವು ಇರುವುದು ಸುತ್ತ. ಹಾಗಾಗಿ ನೀಹಾರಿಕೆಯನ್ನೇ ದಿಟ್ಟಿಸಿದರೆ ಅದು ಕರಗಿಹೋಗುತ್ತದೆ. ಪಕ್ಕಕ್ಕೆ ನೋಡಿದರೆ ಉಬ್ಬಿ ಬರುತ್ತದೆ. ಎಲ್ಲರೂ ಇದನ್ನು ಹೇಳುತ್ತಾರೆ, ಯಾವ ಪಕ್ಕಕ್ಕೆ ಅಂತ ಹೇಳುವವರು ಕಡಿಮೆ. ಬಲಗಣ್ಣಿನಿಂದ ನೋಡುವಾಗ ನೋಟವನ್ನು ಬಲಕ್ಕೆ ಸರಿಸಿ, ನೀಹಾರಿಕೆ ಮೂಗಿನ ಕಡೆ ಉಳಿಯಲಿ. ಎಡಗಣ್ಣಾದರೆ ಎಡಕ್ಕೆ. ತಿರುಗುಮುರುಗು ಮಾಡಿದರೆ ವಸ್ತು ಕಿವಿಯ ಕಡೆ ಬೀಳುತ್ತದೆ. ಆ ಕಡೆಯೇ ಕಣ್ಣಿನ ಕುರುಡು ಚುಕ್ಕೆ ಇರುವುದು, ನೀಹಾರಿಕೆ ಅದರೊಳಗೆ ಬಿದ್ದರೆ ಇದ್ದದ್ದೂ ಹೋಯಿತು. ನೋಟ ಹೊರಳಿಸಿ ಅಲ್ಲೇ ಹತ್ತು ಹದಿನೈದು ಸೆಕೆಂಡು ನಿಲ್ಲಿಸಿ, ಉಸಿರು ಕಟ್ಟಬೇಡಿ. ಆಗಲೂ ಇಲ್ಲವೇ? ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಣ್ಣಿನ ಅಂಚು ಅಲುಗುವುದನ್ನು ಬೇಗ ಹಿಡಿಯುತ್ತದೆ. ಅಲುಗಿದ ಆ ಕ್ಷಣದಲ್ಲಿ ಒಂದು ಬೂದು ತೇಪೆ ನಕ್ಷತ್ರಗಳ ಜೊತೆಗೇ ತೂಗಿದರೆ, ಸಿಕ್ಕಿತು.

ವರ್ಧನೆಯನ್ನೂ ಬದಲಾಯಿಸಿ ನೋಡಿ. ‘ನೀಹಾರಿಕೆಗೆ ಯಾವಾಗಲೂ ಕಡಿಮೆ ವರ್ಧನೆ’ ಅನ್ನುವ ಉಪದೇಶ ಅರ್ಧ ಸತ್ಯ. ಹುಡುಕಲು ಕಡಿಮೆ, ನೋಡಲು ಹೆಚ್ಚು. ವರ್ಧನೆ ಏರಿಸಿದರೆ ಆಕಾಶವೂ ನೀಹಾರಿಕೆಯೂ ಒಟ್ಟಿಗೇ ಮಂಕಾಗುತ್ತವೆ, ಆದರೆ ದೊಡ್ಡದಾದ ಮಂಕನ್ನು ಕಣ್ಣು ಸುಲಭವಾಗಿ ಗುರುತಿಸುತ್ತದೆ.

ಫಿಲ್ಟರ್ ಬಗ್ಗೆ ಹೇಳದಿದ್ದರೆ ಆಗದು, ಯಾಕೆಂದರೆ ಅದೇ ಒಂದು ದೋಷದ ಮೂಲ. ಯುಎಚ್‌ಸಿ, ಆಕ್ಸಿಜನ್-3 ಎಂಬ ಫಿಲ್ಟರ್‌ಗಳು ಹೊಳೆಯುವ ಅನಿಲದ ಕೆಲವೇ ಬಣ್ಣಗಳನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯುತ್ತವೆ. ಆಕ್ಸಿಜನ್ನಿನ ಗೆರೆಗಳು 495.9 ಮತ್ತು 500.7 ನ್ಯಾನೋಮೀಟರ್. ಕತ್ತಲಿಗೆ ಹೊಂದಿದ ಕಣ್ಣು ಅತಿ ಚುರುಕಾಗಿರುವುದೂ ಅದರ ಆಸುಪಾಸಿನಲ್ಲೇ. ಮಹಾವ್ಯಾಧದ ಎಂ42, ಲಗೂನ್ ನೀಹಾರಿಕೆ ಎಂ8, ಡಂಬೆಲ್ ನೀಹಾರಿಕೆ ಎಂ27, ಇವಕ್ಕೆ ಫಿಲ್ಟರ್ ವರ. ಗುಚ್ಛಗಳಿಗೆ ಶಾಪ, ನಕ್ಷತ್ರಗಳನ್ನೇ ಮಂಕು ಮಾಡುತ್ತದೆ. ಕೃತ್ತಿಕೆಯ ಸುತ್ತಲಿನ ಮಬ್ಬು ಮತ್ತು ಎಂ78 ನೀಹಾರಿಕೆ ಬರೀ ನಕ್ಷತ್ರದ ಬೆಳಕನ್ನು ಚೆದುರಿಸುವ ದೂಳು, ಅವೂ ಫಿಲ್ಟರಿನಲ್ಲಿ ಸಾಯುತ್ತವೆ. “ಫಿಲ್ಟರ್ ಹಾಕಿದ ಮೇಲೆ ಎಲ್ಲ ಹೋಯ್ತು” ಅಂದವರ ಪೈಕಿ ಒಬ್ಬರು ಇಡೀ ಸಂಜೆ ಅದನ್ನು ಹಾಕಿಕೊಂಡೇ ಗೋಳಗುಚ್ಛ (ಉಂಡೆಯಂತೆ ಒತ್ತೊತ್ತಾಗಿ ಸೇರಿದ ನಕ್ಷತ್ರಗಳ ಗುಂಪು) ನೋಡುತ್ತಿದ್ದರು.

ಅದೇ ಫಿಲ್ಟರ್ ಪತ್ತೇದಾರಿಗೂ ಆಗುತ್ತದೆ. ಎಂ57ರಂಥ ಪುಟ್ಟದನ್ನು ನಕ್ಷತ್ರಗಳ ನಡುವೆ ಗುರುತಿಸಲಾಗದಿದ್ದರೆ ಫಿಲ್ಟರನ್ನು ಐಪೀಸಿಗೆ ತಿರುಪದೆ, ಕಣ್ಣಿಗೂ ಐಪೀಸಿಗೂ ನಡುವೆ ಹಿಡಿದು ಆಚೆ ಈಚೆ ಮಾಡಿ. ನಕ್ಷತ್ರಗಳೆಲ್ಲ ಕುಂದುತ್ತವೆ. ಕುಂದದೆ ಉಳಿದದ್ದೇ ನೀವು ಹುಡುಕುತ್ತಿರುವುದು.

“ಗುಚ್ಛ ಅಂದ್ರು, ಬರೀ ಹತ್ತಿಯುಂಡೆ ಕಾಣ್ತಿದೆ”

ಹರ್ಕ್ಯುಲಿಸ್‌ನ ಎಂ13 ಬಗ್ಗೆ ಬರುವ ದೂರು ಇದು. 1714ರಲ್ಲಿ ಎಡ್ಮಂಡ್ ಹ್ಯಾಲಿ ಕಂಡ ಗೋಳಗುಚ್ಛ. ಅರ್ಧ ಶತಮಾನದ ಮೇಲೆ ಅದನ್ನು ನೋಡಿದ ಮೆಸ್ಸಿಯೆ, ಇದರಲ್ಲಿ ನಕ್ಷತ್ರವೇ ಇಲ್ಲ ಅಂತ ಬರೆದಿಟ್ಟ. ನೀವು ಒಳ್ಳೆಯ ಜೊತೆಯಲ್ಲೇ ಇದ್ದೀರಿ. ಎಂ13ರ ಅತಿ ಬೆಳಗುವ ನಕ್ಷತ್ರಗಳೇ ಸುಮಾರು 12ನೇ ಕಾಂತಿಮಾನದವು (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). 70 ಮಿ.ಮೀ. ಲೆನ್ಸಿಗೆ ಅವು ನಿಲುಕುವುದಿಲ್ಲ, 100 ಮಿ.ಮೀ. ಆದರೆ ಕತ್ತಲ ಆಕಾಶದಲ್ಲಿ ಅಂಚಿನಲ್ಲಿ ರವೆ ಉದುರಿದ ಹಾಗೆ ತುಸು ಕಾಣಬಹುದು. 200 ಮಿ.ಮೀ. ಕನ್ನಡಿಯಲ್ಲಿ 120, 150 ಪಟ್ಟಿಗೆ ಏರಿಸಿದರೆ ಬಿಡಿಸಿಕೊಳ್ಳುತ್ತದೆ. ಸಣ್ಣ ಟೆಲಿಸ್ಕೋಪ್ ಇದ್ದವರು ಧನು ರಾಶಿಯ ಎಂ22ರಿಂದ ಶುರುಮಾಡಿ, ಅದರ ನಕ್ಷತ್ರಗಳು ಇನ್ನಷ್ಟು ಪ್ರಖರ.

200 ಮಿ.ಮೀ. ಇದ್ದೂ, 150 ಪಟ್ಟಿದ್ದೂ, ಗಾಳಿ ಶಾಂತವಾಗಿದ್ದೂ ಎಂ13 ಹತ್ತಿಯುಂಡೆಯೇ ಆದರೆ, ಈಗ ಕಾಲಿಮೇಷನ್ ಮಾತಾಡಬಹುದು. ಸಾಧಾರಣ ಬೆಳಕಿನ ನಕ್ಷತ್ರವೊಂದನ್ನು ಸರಿಯಾಗಿ ನಡುವೆ ತಂದು, 150 ಪಟ್ಟಿನಲ್ಲಿ ಫೋಕಸನ್ನು ಚೂರೇ ಚೂರು ತಪ್ಪಿಸಿ. ಉಂಗುರದೊಳಗೆ ಉಂಗುರ ಕಾಣುತ್ತದೆ. ಅವೆಲ್ಲ ಒಂದೇ ಕೇಂದ್ರದ ಸುತ್ತ ಇದ್ದರೆ ಸರಿ. ಒಂದು ಕಡೆಗೆ ಒತ್ತಿದ್ದರೆ ಮುಖ್ಯ ಕನ್ನಡಿಯ ಒಂದೇ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ. ನಕ್ಷತ್ರ ನಡುವಿನಿಂದ ಸರಿದಿರುತ್ತದೆ, ಮತ್ತೆ ನಡುವೆ ತಂದು ನೋಡಿ. ಹೆಚ್ಚು ಕೆಟ್ಟಿದ್ದರೆ ವಾಪಸ್ ತಿರುಗಿಸಿ, ಮುಂದಿನ ಸ್ಕ್ರೂ. ಒಮ್ಮೆಗೆ ಒಂದೇ ಸ್ಕ್ರೂ, ನನ್ನ ಹಾಗೆ ಮೂರನ್ನೂ ಅಲ್ಲ.

ಬಣ್ಣ ಕಾಣುತ್ತಿಲ್ಲ ಅನ್ನುವುದು ದೋಷವಲ್ಲ. ಕತ್ತಲಲ್ಲಿ ನೋಡುವ ಕೋಶಗಳಿಗೆ ಬಣ್ಣ ಗೊತ್ತಿಲ್ಲ. ಫೋಟೋದ ಕೆಂಪು ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಕೂಡಿಟ್ಟ ಬೆಳಕು. ಎಂ42 ಮಾತ್ರ ದೊಡ್ಡ ಕನ್ನಡಿಯಲ್ಲಿ ತುಸು ಹಸಿರು ಛಾಯೆ ತೋರಿಸುವುದುಂಟು.

“ಈಗ ತಾನೇ ಕಾಣ್ತಿತ್ತು, ಮಾಯವಾಯ್ತು”

ಮೋಟಾರ್ ಇಲ್ಲದಿದ್ದರೆ ಮೊದಲ ಕಾರಣ ಭೂಮಿ ತಿರುಗುವುದು. ಅರ್ಧ ಡಿಗ್ರಿಯ ಕಿಟಕಿಯನ್ನು ವಸ್ತು ಎರಡು ನಿಮಿಷದಲ್ಲಿ ದಾಟಿಹೋಗುತ್ತದೆ. ಐಪೀಸ್ ಬದಲಿಸುವ ಮೊದಲು ಅದನ್ನು ಬರುವ ಕಡೆಯ ಅಂಚಿಗೆ ಬಿಟ್ಟುಕೊಳ್ಳಿ. ಹೊಸ ಐಪೀಸಿಗೆ ಕಣ್ಣಿಡುವ ಹೊತ್ತಿಗೆ ನಡುವೆ ಬಂದಿರುತ್ತದೆ.

ಎಲ್ಲ ನಕ್ಷತ್ರಗಳಿಗೂ ಒಂದೊಂದು ಮಬ್ಬು ಪ್ರಭಾವಳಿ ಬಂದು, ನೀಹಾರಿಕೆ ನಿಧಾನವಾಗಿ ಮುಳುಗಿದರೆ ಅದು ಇಬ್ಬನಿ. ಮೊದಲು ಫೈಂಡರ್ ಮತ್ತು ಐಪೀಸ್, ಆಮೇಲೆ ಮುಂದಿನ ಲೆನ್ಸ್. ಕೊಳವೆಯ ತಳದಲ್ಲಿರುವ ಕನ್ನಡಿಗೆ ಅಷ್ಟು ಬೇಗ ಕೂರುವುದಿಲ್ಲ. ಒರೆಸಬೇಡಿ. ಮುಂದಿನ ಲೆನ್ಸಿಗೆ ಕಪ್ಪು ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯ ಹಾಗೆ ಉದ್ದ ಮಾಡಿ, ಲೆನ್ಸಿನ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚಿರಲಿ. ಐಪೀಸಿಗೆ ಉಸಿರು ತಾಗಿ ಮಬ್ಬಾದರೆ ಅದನ್ನು ತೆಗೆದು, ಎರಡೂ ಕಡೆ ಮುಚ್ಚಳ ಹಾಕಿ ಜೇಬಿಗೆ ಹಾಕಿಕೊಳ್ಳಿ, ಹತ್ತು ನಿಮಿಷದಲ್ಲಿ ಮೈಬಿಸಿಗೆ ತಿಳಿಯಾಗುತ್ತದೆ. ಬೀಗದ ಕೈ ಇರುವ ಜೇಬು ಬೇಡ.